ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಕಥಾಸಾತತ್ಯ ಮತ್ತು ಕಾಲರೇಖೆ

ಕಥಾಸಾತತ್ಯ ಎಂದರೆ ಒಂದೇ ಕಲ್ಪಿತ ಲೋಕಕ್ಕೆ ಸೇರಿದ ಅನೇಕ ಕಥೆಗಳು ಒಂದಕ್ಕೊಂದು ವಿರೋಧವಾಗದಂತೆ, ಒಂದರ ಪರಿಣಾಮ ಮುಂದಿನದರಲ್ಲಿ ಉಳಿಯುವಂತೆ ಜೋಡಣೆಗೊಂಡಿರುವ ಗುಣ. ಇಂಗ್ಲಿಷಿನಲ್ಲಿ ಇದನ್ನು ಕಂಟಿನ್ಯುಟಿ ಎನ್ನುತ್ತಾರೆ. ಅಂತಹ ಕಥೆಗಳ ಘಟನೆಗಳನ್ನು ನಡೆದ ಕ್ರಮದಲ್ಲಿ ಜೋಡಿಸಿದಾಗ ದೊರೆಯುವುದು ಕಾಲರೇಖೆ ಅಥವಾ ಟೈಮ್‌ಲೈನ್. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಈ ಎರಡು ಪರಿಕಲ್ಪನೆಗಳಿಗೆ ವಿಶೇಷ ಮಹತ್ವವಿದೆ. ನೂರಾರು ಲೇಖಕರೂ ಚಿತ್ರಕಾರರೂ ಎಂಟು ದಶಕಗಳಿಗಿಂತ ಹೆಚ್ಚು ಕಾಲ ಅದೇ ಪಾತ್ರಗಳ ಕಥೆಯನ್ನು ಮುಂದುವರಿಸಿಕೊಂಡು ಬಂದಿರುವುದರಿಂದ, ಯಾವ ಕಥೆ ಆ ಲೋಕದಲ್ಲಿ ‘ನಿಜವಾಗಿ ನಡೆದದ್ದು’, ಯಾವುದು ಲೆಕ್ಕಕ್ಕಿಲ್ಲದ್ದು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಈ ಕುರಿತ ಚರ್ಚೆಗಳು ಮೇಲ್ನೋಟಕ್ಕೆ ದಿನಾಂಕ, ವಯಸ್ಸು, ಸಂಚಿಕೆಯ ಸಂಖ್ಯೆಗಳ ಲೆಕ್ಕಾಚಾರದಂತೆ ಕಾಣುತ್ತವೆ. ಅವುಗಳ ತಿರುಳಿನಲ್ಲಿರುವುದು ಅಧಿಕಾರದ ಪ್ರಶ್ನೆ. ಕಥೆಯ ಭೂತಕಾಲವನ್ನು ನಿರ್ಧರಿಸುವವರು ಹಕ್ಕುಸ್ವಾಮ್ಯ ಹೊಂದಿದ ಸಂಸ್ಥೆಯೇ, ಬರೆಯುವ ಲೇಖಕರೇ, ವರ್ಷಗಟ್ಟಲೆ ಓದಿ ನೆನಪಿಟ್ಟುಕೊಂಡ ಓದುಗರೇ ಎಂಬ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಭಾರತದಲ್ಲಿ ಇಂದ್ರಜಾಲ ಕಾಮಿಕ್ಸ್, ರಾಜ್ ಕಾಮಿಕ್ಸ್ ಹಾಗೂ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಸರಣಿಗಳು ಈ ಪ್ರಶ್ನೆಯ ಬೇರೆ ಬೇರೆ ಮುಖಗಳನ್ನು ತೋರಿಸುತ್ತವೆ. ಕನ್ನಡದ ಮಹಾಕಾವ್ಯ ಹಾಗೂ ತಾಳಮದ್ದಳೆಯ ಪರಂಪರೆಯಲ್ಲಿಯೂ ಇದಕ್ಕೆ ಹೋಲಿಸಬಹುದಾದ ನಿದರ್ಶನಗಳಿವೆ.

ಪರಿಭಾಷೆ

ಈ ವಿಷಯದ ಚರ್ಚೆಯಲ್ಲಿ ಕೆಲವು ಪದಗಳು ಪದೇ ಪದೇ ಬರುತ್ತವೆ.

ಕ್ಯಾನನ್: ಒಂದು ಲೋಕದ ಅಧಿಕೃತ ಕಥೆಗಳ ಸಮೂಹ. ಮೂಲತಃ ಇದು ಕ್ರೈಸ್ತ ಧರ್ಮಗ್ರಂಥಗಳಲ್ಲಿ ಯಾವುವು ಪ್ರಮಾಣ ಎಂಬುದನ್ನು ಸೂಚಿಸುವ ಪದ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1911ರಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳ ಬಗ್ಗೆ ಪಾಂಡಿತ್ಯಪೂರ್ಣ ವಿಮರ್ಶೆಯ ಧಾಟಿಯಲ್ಲಿ ಒಂದು ವಿನೋದ ಪ್ರಬಂಧವನ್ನು ಮಂಡಿಸಿದರು. ಆ ಬಳಿಕ ಹೋಮ್ಸ್ ಅಭಿಮಾನಿಗಳ ಮೂಲಕ ಈ ಪದ ಕಥಾಸಾಹಿತ್ಯದ ಚರ್ಚೆಗೂ ಬಂದಿತು.

ರೆಟ್ಕಾನ್: ಹೊಸ ಕಥೆಯೊಂದು ಹಳೆಯ ಕಥೆಯ ಘಟನೆಯನ್ನು ಬದಲಿಸುವುದು, ಅಥವಾ ಅದಕ್ಕೆ ಹೊಸ ಅರ್ಥ ಕೊಡುವುದು. ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ ಇದು ಕಥೆಗೆ ಮಾಡಿದ ಪೂರ್ವಾನ್ವಯ ತಿದ್ದುಪಡಿ. ಇದರ ಪೂರ್ಣರೂಪವಾದ ‘ರೆಟ್ರೋಆಕ್ಟಿವ್ ಕಂಟಿನ್ಯುಟಿ’ ಎಂಬ ಮಾತನ್ನು 1983ರಲ್ಲಿ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಪತ್ರಿಕೆಯ ವಾಚಕರ ಪತ್ರಗಳ ವಿಭಾಗದಲ್ಲಿ ಲೇಖಕ ರಾಯ್ ಥಾಮಸ್ ಬಳಸಿದರು.

ರೀಬೂಟ್: ಹಳೆಯ ಕಾಲರೇಖೆಯನ್ನು ಕೈಬಿಟ್ಟು ಪಾತ್ರಗಳ ಕಥೆಯನ್ನು ಮೊದಲಿನಿಂದ ಆರಂಭಿಸುವುದು.

ಬಹುವಿಶ್ವ ಅಥವಾ ಮಲ್ಟಿವರ್ಸ್: ಒಂದೇ ಪಾತ್ರದ ಭಿನ್ನ ರೂಪಗಳು ಬೇರೆ ಬೇರೆ ಭೂಮಿಗಳಲ್ಲಿ ಏಕಕಾಲಕ್ಕೆ ಇವೆ ಎಂಬ ಕಲ್ಪನೆ.

ಉಗಮ

1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಕಥಾಸಾತತ್ಯ ಎಂಬ ಸಮಸ್ಯೆಯೇ ಇರಲಿಲ್ಲ. ಪ್ರತಿಯೊಂದು ಕಥೆಯೂ ಸ್ವತಂತ್ರವಾಗಿತ್ತು. ಕಥೆ ಮುಗಿದಾಗ ನಾಯಕ ಮೊದಲಿದ್ದ ಸ್ಥಿತಿಗೇ ಮರಳುತ್ತಿದ್ದ. ಇಟಲಿಯ ಚಿಂತಕ ಉಂಬರ್ಟೊ ಎಕೊ 1962ರಲ್ಲಿ ಬರೆದ ಸೂಪರ್‌ಮ್ಯಾನ್ ಕುರಿತ ಪ್ರಬಂಧದಲ್ಲಿ ಇದನ್ನೇ ವಿಶ್ಲೇಷಿಸಿದ್ದಾರೆ. ಪುರಾಣದ ವೀರನ ಕಥೆ ಆಗಲೇ ಮುಗಿದಿರುತ್ತದೆ. ಕಾದಂಬರಿಯ ನಾಯಕನಾದರೋ ಪ್ರತಿಯೊಂದು ಕೃತ್ಯದಿಂದಲೂ ಮರಣಕ್ಕೆ ಒಂದು ಹೆಜ್ಜೆ ಹತ್ತಿರವಾಗುತ್ತಾನೆ. ಸೂಪರ್‌ಮ್ಯಾನ್ ಪುರಾಣವೀರನೂ ಆಗಬೇಕು, ವಾರವಾರವೂ ಹೊಸ ಕುತೂಹಲವನ್ನೂ ಕೊಡಬೇಕು. ಆದ್ದರಿಂದ ಅವನ ಕಥೆಗಳಲ್ಲಿ ಕಾಲವು ಮುಂದಕ್ಕೆ ಚಲಿಸದಂತೆ ಮಸುಕಾಗಿ ಉಳಿಯುತ್ತದೆ ಎಂಬುದು ಎಕೊ ಅವರ ವಾದದ ಸಾರ.

ಬೇರೆ ಬೇರೆ ನಾಯಕರು ಒಂದೇ ಲೋಕದ ನಿವಾಸಿಗಳಾದಾಗ ಸಮಸ್ಯೆ ಆರಂಭವಾಯಿತು. 1940ರಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ 3ನೇ ಸಂಚಿಕೆಯಲ್ಲಿ ಹಲವು ನಾಯಕರು ಸೇರಿ ಜಸ್ಟಿಸ್ ಸೊಸೈಟಿ ಎಂಬ ಕೂಟವನ್ನು ಕಟ್ಟಿದರು. ಒಬ್ಬನ ಕಥೆಯಲ್ಲಿ ನಡೆದದ್ದು ಇನ್ನೊಬ್ಬನಿಗೂ ತಿಳಿದಿರಬೇಕು ಎಂಬ ನಿರೀಕ್ಷೆ ಅಲ್ಲಿಂದ ಬೆಳೆಯಿತು.

1956ರಲ್ಲಿ ಡಿಸಿ ಸಂಸ್ಥೆ ಫ್ಲ್ಯಾಶ್ ಎಂಬ ಹಳೆಯ ಪಾತ್ರಕ್ಕೆ ಹೊಸ ರೂಪ ನೀಡಿತು. 1940ರ ಫ್ಲ್ಯಾಶ್‌ನ ಹೆಸರು ಜೇ ಗ್ಯಾರಿಕ್. ಹೊಸಬನ ಹೆಸರು ಬ್ಯಾರಿ ಅಲೆನ್. ಬ್ಯಾರಿಗೆ ಜೇ ಗ್ಯಾರಿಕ್ ಕೇವಲ ಕಾಮಿಕ್ಸ್ ಪುಸ್ತಕದ ಪಾತ್ರ. ಹಾಗಿದ್ದರೆ ಹಳೆಯ ಓದುಗರು ಓದಿದ್ದ ಜೇ ಗ್ಯಾರಿಕ್ ಎಲ್ಲಿಗೆ ಹೋದ? ಇದಕ್ಕೆ 1961ರಲ್ಲಿ ‘ದಿ ಫ್ಲ್ಯಾಶ್’ನ 123ನೇ ಸಂಚಿಕೆಯಲ್ಲಿ ಲೇಖಕ ಗಾರ್ಡ್‌ನರ್ ಫಾಕ್ಸ್ ಹಾಗೂ ಚಿತ್ರಕಾರ ಕಾರ್ಮೈನ್ ಇನ್‌ಫಂಟಿನೊ ಉತ್ತರ ಕೊಟ್ಟರು. ಇಬ್ಬರೂ ನಿಜ, ಆದರೆ ಇಬ್ಬರೂ ಎರಡು ಬೇರೆ ಭೂಮಿಗಳ ನಿವಾಸಿಗಳು. ಹೊಸ ನಾಯಕರ ಲೋಕ ‘ಭೂಮಿ-1’ ಎಂದೂ ಹಳಬರ ಲೋಕ ‘ಭೂಮಿ-2’ ಎಂದೂ ಬಳಿಕ ಹೆಸರಾಯಿತು. ಹಳೆಯ ಕಥೆಯನ್ನು ಅಳಿಸದೆ ಹೊಸದಕ್ಕೆ ಜಾಗ ಮಾಡಿಕೊಟ್ಟ ಈ ಉಪಾಯವೇ ಮುಂದೆ ಬಹುವಿಶ್ವದ ಕಲ್ಪನೆಗೆ ತಳಹದಿಯಾಯಿತು.

ವಯಸ್ಸಿನ ಸಮಸ್ಯೆ ಮತ್ತು ಸರಿಯುವ ಕಾಲಮಾನ

1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಪತ್ರಿಕೆಯೊಂದಿಗೆ ಮಾರ್ವೆಲ್ ಸಂಸ್ಥೆಯ ಕಥಾಲೋಕ ರೂಪುಗೊಂಡಿತು. ಅದರ ನಾಯಕರು ನ್ಯೂಯಾರ್ಕ್ ಎಂಬ ನಿಜವಾದ ನಗರದಲ್ಲಿ, ಓದುಗರ ಕಾಲದಲ್ಲಿಯೇ ಬದುಕುತ್ತಿದ್ದರು. ಇದು ಕಥೆಗಳಿಗೆ ನೈಜತೆ ತಂದುಕೊಟ್ಟಿತು. ಜೊತೆಗೇ ಒಂದು ತೊಡಕನ್ನೂ ತಂದಿತು. ಆ ಕಥೆಗಳ ಪ್ರಕಾರ ರೀಡ್ ರಿಚರ್ಡ್ಸ್ ಮತ್ತು ಬೆನ್ ಗ್ರಿಮ್ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು. 1963ರಲ್ಲಿ ಬಂದ ಐರನ್ ಮ್ಯಾನ್ ಗಾಯಗೊಂಡು ಸೆರೆಯಾದದ್ದು ವಿಯೆಟ್ನಾಮಿನಲ್ಲಿ. ಓದುಗರ ಲೋಕದಲ್ಲಿ ಅರವತ್ತು ವರ್ಷ ಕಳೆದರೂ ಈ ನಾಯಕರು ನಡುವಯಸ್ಸನ್ನು ದಾಟಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರವೇ ‘ಸರಿಯುವ ಕಾಲಮಾನ’. ಈ ನಿಯಮದಂತೆ ಮಾರ್ವೆಲ್ ನಾಯಕರ ಯುಗ ಆರಂಭವಾದದ್ದು ಯಾವಾಗಲೂ ‘ಈಗಿನಿಂದ ಹತ್ತು ಹದಿನೈದು ವರ್ಷಗಳ ಹಿಂದೆ’. ವರ್ತಮಾನ ಮುಂದೆ ಸಾಗಿದಂತೆ ಆರಂಭಬಿಂದುವೂ ಜೊತೆಯಲ್ಲಿಯೇ ಸಾಗುತ್ತದೆ. ಹೀಗಾಗಿ ಐರನ್ ಮ್ಯಾನ್‌ನ ಯುದ್ಧ ಮುಂದೆ ಅಫ್ಘಾನಿಸ್ತಾನಕ್ಕೆ ಸ್ಥಳಾಂತರಗೊಂಡಿತು. 2008ರ ಚಲನಚಿತ್ರವೂ ಅದನ್ನೇ ಅನುಸರಿಸಿತು. 2019ರಲ್ಲಿ ಲೇಖಕ ಮಾರ್ಕ್ ವೇಡ್ ‘ಹಿಸ್ಟರಿ ಆಫ್ ದ ಮಾರ್ವೆಲ್ ಯೂನಿವರ್ಸ್’ ಎಂಬ ಕೃತಿಯಲ್ಲಿ ಸಿಯಾನ್‌ಕಾಂಗ್ ಎಂಬ ಕಲ್ಪಿತ ದೇಶದ ಯುದ್ಧವನ್ನು ಬಳಸಿ, ಇಂತಹ ಸೈನಿಕ ಹಿನ್ನೆಲೆಗಳನ್ನೆಲ್ಲ ಅದಕ್ಕೆ ಜೋಡಿಸಿದರು. ಕಲ್ಪಿತ ಯುದ್ಧಕ್ಕೆ ನಿಗದಿತ ಇಸವಿ ಇಲ್ಲದ್ದರಿಂದ ಅದನ್ನು ಎಷ್ಟು ಬೇಕಾದರೂ ಸರಿಸಬಹುದು.

ಆದರೆ ಎಲ್ಲವನ್ನೂ ಸರಿಸಲಾಗದು. ಕ್ಯಾಪ್ಟನ್ ಅಮೆರಿಕ ಎರಡನೆಯ ಮಹಾಯುದ್ಧದ ಯೋಧ. ಅವನು ಮಂಜಿನಲ್ಲಿ ಹೆಪ್ಪುಗಟ್ಟಿ ಬಹುಕಾಲ ಉಳಿದು, 1964ರ ‘ಅವೆಂಜರ್ಸ್’ 4ನೇ ಸಂಚಿಕೆಯಲ್ಲಿ ಎಚ್ಚರಗೊಂಡ. ಮೊದಲು ಸುಮಾರು ಇಪ್ಪತ್ತು ವರ್ಷಗಳಾಗಿದ್ದ ಆ ನಿದ್ರೆ, ಕಾಲಮಾನ ಸರಿದಂತೆ ಅರ್ಧ ಶತಮಾನವನ್ನೂ ದಾಟಿ ಬೆಳೆಯುತ್ತಿದೆ. ಮ್ಯಾಗ್ನೆಟೊ ಎಂಬ ಪಾತ್ರದ ಸಂಗತಿ ಇನ್ನೂ ಗಂಭೀರವಾದದ್ದು. 1980ರ ದಶಕದ ಕಥೆಗಳು ಅವನನ್ನು ನಾಜಿ ಯಾತನಾಶಿಬಿರವಾದ ಆಶ್‌ವಿಟ್ಜ್‌ನಿಂದ ಬದುಕಿ ಬಂದ ಯಹೂದಿ ಎಂದು ಚಿತ್ರಿಸಿದವು. ಅವನ ಕೋಪ, ಭಯ ಹಾಗೂ ರಾಜಕೀಯ ನಿಲುವುಗಳೆಲ್ಲ ಆ ಅನುಭವದಿಂದ ಹುಟ್ಟಿದವು. ಅದನ್ನು ಕಲ್ಪಿತ ದೇಶವೊಂದರ ಹತ್ಯಾಕಾಂಡಕ್ಕೆ ಬದಲಿಸಿದರೆ ವಯಸ್ಸಿನ ಲೆಕ್ಕ ಸರಿಯಾದೀತು, ಆದರೆ ಪಾತ್ರ ಉಳಿಯದು. ಆದ್ದರಿಂದ ಲೇಖಕರು ಅವನ ಹಿನ್ನೆಲೆಯನ್ನು ಹಾಗೆಯೇ ಉಳಿಸಿ, ಯೌವನ ಮರಳಿ ಬಂದುದಕ್ಕೆ ಕಥೆಯೊಳಗಿನ ಕಾರಣಗಳನ್ನು ಆಶ್ರಯಿಸಿದ್ದಾರೆ. ಕಾಲರೇಖೆಯ ಅನುಕೂಲಕ್ಕಾಗಿ ನಿಜವಾದ ಇತಿಹಾಸವನ್ನು ಎಷ್ಟರಮಟ್ಟಿಗೆ ಬದಲಿಸಬಹುದು ಎಂಬ ಚರ್ಚೆಗೆ ಇದು ಮುಖ್ಯ ನಿದರ್ಶನ.

ಮರುಪ್ರಾರಂಭಗಳು

ಡಿಸಿ ಸಂಸ್ಥೆ ಬೇರೆ ಮಾರ್ಗ ಹಿಡಿಯಿತು. 1980ರ ದಶಕದ ಹೊತ್ತಿಗೆ ಅದರ ಲೋಕದಲ್ಲಿ ಭೂಮಿಗಳ ಸಂಖ್ಯೆ ಬೆಳೆದು, ಹೊಸ ಓದುಗರಿಗೆ ಕಥೆಗಳು ಗೊಂದಲವಾಗುತ್ತಿವೆ ಎಂಬ ಅಭಿಪ್ರಾಯ ಸಂಪಾದಕರಲ್ಲಿ ಮೂಡಿತ್ತು. 1985–86ರಲ್ಲಿ ಲೇಖಕ ಮಾರ್ವ್ ವುಲ್ಫ್‌ಮನ್ ಹಾಗೂ ಚಿತ್ರಕಾರ ಜಾರ್ಜ್ ಪೆರೆಜ್ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಎಂಬ 12 ಸಂಚಿಕೆಗಳ ಸರಣಿಯನ್ನು ರಚಿಸಿದರು. ಅದರಲ್ಲಿ ಅಸಂಖ್ಯಾತ ಭೂಮಿಗಳು ನಾಶವಾಗಿ, ಉಳಿದವು ಒಂದರಲ್ಲಿ ಬೆಸೆದುಕೊಂಡವು. ಬ್ಯಾರಿ ಅಲೆನ್ ಹಾಗೂ ಸೂಪರ್‌ಗರ್ಲ್ ಮರಣ ಹೊಂದಿದರು.

ಗೊಂದಲ ನಿವಾರಿಸಲು ಕೈಗೊಂಡ ಈ ಕಾರ್ಯ ಹೊಸ ಗೊಂದಲಗಳನ್ನು ಹುಟ್ಟಿಸಿತು. 1986ರಲ್ಲಿ ಜಾನ್ ಬರ್ನ್ ಸೂಪರ್‌ಮ್ಯಾನ್‌ನ ಕಥೆಯನ್ನು ಮೊದಲಿನಿಂದ ಬರೆದಾಗ, ಅವನು ಬಾಲ್ಯದಲ್ಲಿ ಸೂಪರ್‌ಬಾಯ್ ಆಗಿರಲೇ ಇಲ್ಲ ಎಂದಾಯಿತು. ಆದರೆ 1958ರಿಂದ ಬರುತ್ತಿದ್ದ ‘ಲೀಜನ್ ಆಫ್ ಸೂಪರ್-ಹೀರೋಸ್’ ಎಂಬ ಭವಿಷ್ಯಕಾಲದ ತಂಡ ಹುಟ್ಟಿದ್ದೇ ಸೂಪರ್‌ಬಾಯ್‌ನ ಸ್ಫೂರ್ತಿಯಿಂದ. ತಾಯಿಬೇರನ್ನು ಕಿತ್ತ ಮೇಲೆ ಕೊಂಬೆ ನಿಲ್ಲುವುದು ಹೇಗೆ? ಇದನ್ನು ಸರಿಪಡಿಸಲು ಲೀಜನ್ ಭೇಟಿಯಾದ ಸೂಪರ್‌ಬಾಯ್ ಒಂದು ‘ಪುಟ್ಟ ವಿಶ್ವ’ದವನೆಂದು ಮರುವರ್ಷ ಹೇಳಬೇಕಾಯಿತು. 1994ರಲ್ಲಿ ‘ಜೀರೋ ಅವರ್’ ಎಂಬ ಸರಣಿ ಇಂತಹ ತೊಡಕುಗಳನ್ನು ಬಗೆಹರಿಸಲು ಪ್ರಯತ್ನಿಸಿತು. 2005–06ರ ‘ಇನ್‌ಫಿನಿಟ್ ಕ್ರೈಸಿಸ್’, 2011ರ ‘ಫ್ಲ್ಯಾಶ್‌ಪಾಯಿಂಟ್’, 2016ರ ‘ರೀಬರ್ತ್’ ಇವೆಲ್ಲ ಅದೇ ಸಾಲಿನ ಮುಂದಿನ ಹಂತಗಳು. ‘ಫ್ಲ್ಯಾಶ್‌ಪಾಯಿಂಟ್’ ಬಳಿಕ ‘ನ್ಯೂ 52’ ಎಂಬ ಹೆಸರಿನಲ್ಲಿ 52 ಪತ್ರಿಕೆಗಳು ಒಂದನೆಯ ಸಂಚಿಕೆಯಿಂದ ಹೊಸದಾಗಿ ಆರಂಭವಾದವು. ಐದೇ ವರ್ಷಗಳಲ್ಲಿ ‘ರೀಬರ್ತ್’ ಅಳಿಸಿಹೋದ ಭೂತಕಾಲದ ಹಲವು ಭಾಗಗಳನ್ನು ಮರಳಿ ತಂದಿತು. 1985ರಲ್ಲಿ ಸತ್ತಿದ್ದ ಬ್ಯಾರಿ ಅಲೆನ್ ಕೂಡ 2008ರಲ್ಲಿ ಹಿಂದಿರುಗಿದ್ದ.

ಓದುಗರ ಪಾತ್ರ

ಕಥಾಸಾತತ್ಯವನ್ನು ಕಾಪಾಡಿದವರಲ್ಲಿ ಓದುಗರ ಪಾಲು ದೊಡ್ಡದು. ಕಾಮಿಕ್ಸ್ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಪ್ರಕಟವಾಗುತ್ತಿದ್ದ ವಾಚಕರ ಪತ್ರಗಳಲ್ಲಿ ತಪ್ಪುಗಳನ್ನು ಎತ್ತಿ ತೋರಿಸುವುದು ರೂಢಿಯಾಗಿತ್ತು. ಮಾರ್ವೆಲ್‌ನ ಸಂಪಾದಕ ಸ್ಟ್ಯಾನ್ ಲೀ 1964ರಿಂದ ‘ನೋ-ಪ್ರೈಜ್’ ಎಂಬ ವಿನೋದದ ಬಹುಮಾನವನ್ನು ಪ್ರಚಾರಕ್ಕೆ ತಂದರು. ತಪ್ಪನ್ನು ತೋರಿಸಿದ್ದಷ್ಟೇ ಸಾಲದು, ಅದು ತಪ್ಪಲ್ಲವೆಂದು ಸಾಧಿಸುವ ವಿವರಣೆಯನ್ನೂ ಕೊಟ್ಟ ಓದುಗರಿಗೆ ಅದು ಸಲ್ಲುತ್ತದೆ ಎಂಬ ನಿಯಮ ಕಾಲಕ್ರಮದಲ್ಲಿ ಬಂದಿತು. ವಿಜೇತರಿಗೆ ಅಂಚೆಯಲ್ಲಿ ಬರುತ್ತಿದ್ದುದು ಖಾಲಿ ಲಕೋಟೆ.

ಇಂತಹ ಓದುಗರಲ್ಲಿ ಕೆಲವರು ಮುಂದೆ ವೃತ್ತಿಪರರಾದರು. ಅಭಿಮಾನಿಯಾಗಿದ್ದಾಗ ಕಾಮಿಕ್ಸ್ ಲೋಕಗಳ ಸ್ವರೂಪದ ಬಗ್ಗೆ ಸ್ವಂತವಾಗಿ ಪ್ರಬಂಧ ಪ್ರಕಟಿಸಿದ್ದ ಮಾರ್ಕ್ ಗ್ರುವೆನ್‌ವಾಲ್ಡ್ ಮಾರ್ವೆಲ್ ಸಂಸ್ಥೆಯನ್ನು ಸೇರಿ, 1983ರಿಂದ ಆ ಲೋಕದ ಅಧಿಕೃತ ಕೈಪಿಡಿಯನ್ನು ರೂಪಿಸಿದರು. ಬರೆಯುವವರು ಬದಲಾಗುತ್ತಾ ಹೋದರೂ ಓದುವವರು ಅವರೇ ಉಳಿದದ್ದರಿಂದ, ಒಂದು ಪಾತ್ರದ ಪೂರ್ಣ ಚರಿತ್ರೆ ಎಷ್ಟೋ ಬಾರಿ ಲೇಖಕರಿಗಿಂತ ಓದುಗರಿಗೇ ಚೆನ್ನಾಗಿ ತಿಳಿದಿರುತ್ತದೆ.

ವಾದದ ಮುಖ್ಯ ನೆಲೆಗಳು

ಸಾತತ್ಯದ ಪರವಾದ ವಾದ. ಘಟನೆಗೆ ಪರಿಣಾಮವಿದ್ದರೆ ಮಾತ್ರ ಕಥೆಗೆ ತೂಕ ಬರುತ್ತದೆ. ಇಂದು ಸತ್ತವನು ನಾಳೆ ಯಾವ ಕಾರಣವೂ ಇಲ್ಲದೆ ಎದ್ದು ಬಂದರೆ ಇಂದಿನ ಶೋಕಕ್ಕೆ ಅರ್ಥವಿರುವುದಿಲ್ಲ. ಹಣ ಹಾಗೂ ಸಮಯ ಕೊಟ್ಟು ಹತ್ತಾರು ವರ್ಷ ಜೊತೆ ಬಂದ ಓದುಗರ ನೆನಪನ್ನು ಗೌರವಿಸುವುದು ಪ್ರಕಾಶಕರ ಹೊಣೆ ಎಂಬುದು ಈ ಪಕ್ಷದವರ ನಿಲುವು.

ಸಾತತ್ಯದ ವಿರುದ್ಧದ ವಾದ. ಸಾವಿರಾರು ಸಂಚಿಕೆಗಳ ಹೊರೆ ಹೊಸ ಓದುಗರನ್ನು ಹೆದರಿಸುತ್ತದೆ ಮತ್ತು ಲೇಖಕರ ಕೈ ಕಟ್ಟುತ್ತದೆ. ಒಳ್ಳೆಯ ಕಥೆಯೊಂದಕ್ಕಾಗಿ ಹಳೆಯ ವಿವರವನ್ನು ಬಿಟ್ಟುಕೊಡಬಹುದು. ಹಳೆಯ ಪುಸ್ತಕಗಳು ಕಪಾಟಿನಲ್ಲಿ ಹಾಗೆಯೇ ಇರುತ್ತವೆಯಾದ್ದರಿಂದ ಅವನ್ನು ಯಾರೂ ಕಸಿದುಕೊಂಡಂತಾಗುವುದಿಲ್ಲ ಎಂಬುದು ಇವರ ನಿಲುವು.

ಈ ಎರಡೂ ವಾದಗಳು ನಿರ್ದಿಷ್ಟ ಪ್ರಸಂಗಗಳಲ್ಲಿ ತೀವ್ರರೂಪ ತಳೆದಿವೆ. 1987ರಲ್ಲಿ ನಡೆದ ಸ್ಪೈಡರ್‌ಮ್ಯಾನ್‌ನ ವಿವಾಹವನ್ನು 2007ರ ‘ಒನ್ ಮೋರ್ ಡೇ’ ಎಂಬ ಕಥೆ ಮಾಯೆಯ ಮೂಲಕ ಅಳಿಸಿಹಾಕಿತು. ನಾಯಕ ಅವಿವಾಹಿತನಾಗಿದ್ದರೆ ಕಥೆಗೆ ಹೆಚ್ಚು ಅವಕಾಶಗಳಿವೆ ಎಂಬುದು ಸಂಪಾದಕರ ಅಭಿಪ್ರಾಯವಾಗಿತ್ತು. ಇಪ್ಪತ್ತು ವರ್ಷ ಆ ದಾಂಪತ್ಯವನ್ನು ಓದಿದವರು ಇದನ್ನು ತೀವ್ರವಾಗಿ ವಿರೋಧಿಸಿದರು.

ಬಾರ್ಬರಾ ಗಾರ್ಡನ್ ಪಾತ್ರದ ಪ್ರಸಂಗ ಇನ್ನಷ್ಟು ಗಮನಾರ್ಹವಾದದ್ದು. ಬ್ಯಾಟ್‌ಗರ್ಲ್ ಆಗಿದ್ದ ಆಕೆ 1988ರ ‘ದ ಕಿಲ್ಲಿಂಗ್ ಜೋಕ್’ ಕೃತಿಯಲ್ಲಿ ಗುಂಡೇಟಿನಿಂದ ನಡೆಯುವ ಶಕ್ತಿ ಕಳೆದುಕೊಂಡಳು. ಮರುವರ್ಷದಿಂದ ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಕಂಪ್ಯೂಟರ್ ಜ್ಞಾನದಿಂದ ಇತರ ನಾಯಕರಿಗೆ ದಾರಿ ತೋರುವ ‘ಓರಾಕಲ್’ ಆಗಿ ಮರುಹುಟ್ಟು ಪಡೆದಳು. 2011ರ ‘ನ್ಯೂ 52’ನಲ್ಲಿ ಆಕೆ ಮತ್ತೆ ನಡೆದಾಡುವ ಬ್ಯಾಟ್‌ಗರ್ಲ್ ಆದಳು. ಕೆಲವರಿಗೆ ಅದು ಹಳೆಯ ಅನ್ಯಾಯದ ಪರಿಹಾರವಾಗಿ ಕಂಡಿತು. ಆದರೆ ಅಂಗವೈಕಲ್ಯವುಳ್ಳ ಓದುಗರೂ ಅವರ ಪರವಾಗಿ ಬರೆದ ವಿಮರ್ಶಕರೂ, ತಮ್ಮಂತೆ ಬದುಕಿದ ಅಪರೂಪದ ನಾಯಕಿಯೊಬ್ಬಳನ್ನು ಕಳೆದುಕೊಂಡೆವೆಂದು ಆಕ್ಷೇಪಿಸಿದರು. ‘ಹಳೆಯ ಪುಸ್ತಕ ಕಪಾಟಿನಲ್ಲಿದೆ’ ಎಂಬ ಸಮಾಧಾನ ಇಲ್ಲಿ ಸಾಲದೆ ಹೋಯಿತು. ಅವರು ಕಳೆದುಕೊಂಡದ್ದು ಮುಂದೆ ಬರಬೇಕಾಗಿದ್ದ ಕಥೆಗಳನ್ನು.

ಭಾರತದ ಕಾಮಿಕ್ಸ್‌ನಲ್ಲಿ

ಇಂದ್ರಜಾಲ ಮತ್ತು ಫ್ಯಾಂಟಮ್. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ 1990ರವರೆಗೆ ನಡೆಯಿತು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅದು ಪ್ರಕಟವಾಯಿತು. ಅದರ ಮುಖ್ಯ ನಾಯಕ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್. ಅತಿಮಾನುಷ ಶಕ್ತಿಯಿಲ್ಲದ ಈ ನಾಯಕ ವಯಸ್ಸಿನ ಸಮಸ್ಯೆಗೆ ಸರಳ ಪರಿಹಾರವೊಂದನ್ನು ಹೊತ್ತುಕೊಂಡೇ ಬಂದಿದ್ದ. 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಬದುಕುಳಿದ ಒಬ್ಬನಿಂದ ಆರಂಭವಾಗಿ, ತಂದೆಯಿಂದ ಮಗನಿಗೆ ಹುದ್ದೆ ಸಾಗುತ್ತದೆ, ಈಗಿನವನು 21ನೆಯವನು. ಹೊರಗಿನವರಿಗೆ ಮಾತ್ರ ಅವನು ನಾನೂರು ವರ್ಷಗಳಿಂದ ಸಾಯದ ಒಬ್ಬನೇ ವ್ಯಕ್ತಿ. ಕಪಾಲ ಗುಹೆಯಲ್ಲಿರುವ ವಂಶಚರಿತ್ರೆಯ ಗ್ರಂಥಗಳು ಕಥೆಯೊಳಗೇ ಇರುವ ಕಾಲರೇಖೆಯಂತಿವೆ.

ಆದರೆ ಭಾರತದ ಓದುಗರಿಗೆ ಈ ಲೋಕ ತಿದ್ದಿದ ರೂಪದಲ್ಲಿ ದೊರೆಯಿತು. ಮೂಲದಲ್ಲಿ ಬಂಗಾಲ್ಲಾ ಎಂದಿದ್ದ ದೇಶ ಇಂದ್ರಜಾಲದಲ್ಲಿ ಡೆಂಕಾಲಿ ಆಯಿತು. ಸಿಂಗ್ ಎಂಬ ಕಡಲ್ಗಳ್ಳರ ಕೂಟ ‘ಸಿಂಗಾ’ ಆಯಿತು. ರಾಮ ಎಂಬ ಖಳನ ಹೆಸರು ರಾಮಲು ಆಯಿತು. ಇಲ್ಲಿನ ಓದುಗರ ಭಾವನೆಗೆ ನೋವಾಗಬಾರದೆಂಬ ಎಚ್ಚರ ಇದರ ಹಿಂದೆ ಕಾಣುತ್ತದೆ. ಪತ್ರಿಕೆಗಳಲ್ಲಿ ಬಂದ ಕ್ರಮದಲ್ಲಿಯೇ ಕಥೆಗಳು ಇಲ್ಲಿ ಪ್ರಕಟವಾಗಲಿಲ್ಲ. ಪುಟಗಳ ಮಿತಿಯಿಂದಾಗಿ ಕೆಲವು ಚೌಕಟ್ಟುಗಳು ಬಿಟ್ಟುಹೋಗುತ್ತಿದ್ದವು. ಬೆಂಗಳೂರಿನಂತಹ ನಗರಗಳಲ್ಲಿ ಬಾಡಿಗೆ ಪುಸ್ತಕದಂಗಡಿಗಳಿಂದಲೂ ಹಳೆಯ ಪುಸ್ತಕದ ರಾಶಿಗಳಿಂದಲೂ ಸಿಕ್ಕ ಸಂಚಿಕೆಗಳನ್ನು ಸಿಕ್ಕ ಕ್ರಮದಲ್ಲಿ ಓದಿದ ಮಕ್ಕಳು, ಮೊದಲು ಯಾವುದು ನಂತರ ಯಾವುದು ಎಂಬುದನ್ನು ತಾವೇ ಊಹಿಸಿ ಹೊಂದಿಸಿಕೊಳ್ಳಬೇಕಾಗಿತ್ತು. 1977ರಲ್ಲಿ ಫ್ಯಾಂಟಮ್‌ನ ವಿವಾಹ ಮೂಲ ಸರಣಿಯಲ್ಲಿ ನಡೆಯಿತು. ಅವನು ವಿವಾಹಿತನಾಗಿರುವ ಕಥೆಯನ್ನು ಓದಿದ ಮೇಲೆ ಅವಿವಾಹಿತನಾಗಿರುವ ಕಥೆ ಕೈಗೆ ಬಂದರೆ, ಅದು ಹಳೆಯದೆಂದು ತಿಳಿಯಲು ಅದೇ ಸುಳಿವು.

ಅಮರ ಚಿತ್ರಕಥೆಯ ಸಂಖ್ಯೆ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ ಸಂಪಾದಕತ್ವದ ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆಯಲ್ಲಿ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನೊಂದಿಗೆ ಕೆಲಸ ಮಾಡುತ್ತಿದ್ದ ಜಿ. ಕೆ. ಅನಂತರಾಮ್ ನೀಡಿದ ಉತ್ತರ ಹೀಗಿದೆ: ಮೊದಲ ಹತ್ತು ಸಂಚಿಕೆಗಳು 1965ರಲ್ಲಿ ಕನ್ನಡದಲ್ಲಿ ಬಂದವು, ಅವುಗಳ ಯಶಸ್ಸೇ ಮುಂದಿನ ಇಂಗ್ಲಿಷ್ ಮಾಲೆಗೆ ಪ್ರೇರಣೆಯಾಯಿತು. ಇದು ಕಥೆಯೊಳಗಿನ ಸಾತತ್ಯವಲ್ಲ, ಪ್ರಕಟಣೆಯ ಸಾತತ್ಯ. ಆದರೂ ಸಂಖ್ಯೆಯಲ್ಲಿ ಉಳಿದ ಒಂದು ಬಿರುಕು ಮರೆತುಹೋದ ಕನ್ನಡದ ಪಾಲನ್ನು ಹೇಗೆ ನೆನಪಿಸುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ರಾಜ್ ಕಾಮಿಕ್ಸ್. 1986ರಲ್ಲಿ ಬಂದ ನಾಗರಾಜ್ ಹಾಗೂ 1987ರಲ್ಲಿ ಬಂದ ಸೂಪರ್ ಕಮಾಂಡೊ ಧ್ರುವ ಹಿಂದಿಯ ಪ್ರಸಿದ್ಧ ನಾಯಕರು. ಕಾಲಾನಂತರ ನಾಗರಾಜ್‌ನ ಕಥೆಗಳು ‘ವಿಶ್ವರಕ್ಷಕ’, ‘ಆತಂಕಹರ್ತಾ’, ‘ನರಕನಾಶಕ’ ಮುಂತಾದ ಪ್ರತ್ಯೇಕ ಧಾರೆಗಳಲ್ಲಿ ಬಂದವು. ಒಂದೇ ನಾಯಕನ ಹಲವು ಕಾಲರೇಖೆಗಳನ್ನು ಜೊತೆಜೊತೆಗೆ ನಡೆಸುವ ಪದ್ಧತಿ ಹೀಗೆ ಭಾರತದಲ್ಲಿಯೂ ಬೇರೂರಿತು.

ಸ್ಪೈಡರ್‌ಮ್ಯಾನ್: ಇಂಡಿಯಾ. 2004ರಲ್ಲಿ ಗೋಥಮ್ ಎಂಟರ್‌ಟೈನ್‌ಮೆಂಟ್ ಗ್ರೂಪ್ ಮಾರ್ವೆಲ್‌ನ ಪರವಾನಗಿಯೊಂದಿಗೆ ನಾಲ್ಕು ಸಂಚಿಕೆಗಳ ಈ ಸರಣಿಯನ್ನು ಹೊರತಂದಿತು. ಇದನ್ನು ರೂಪಿಸಿದವರು ಚಿತ್ರಕಾರ ಜೀವನ್ ಜೆ. ಕಾಂಗ್, ಸುರೇಶ್ ಸೀತಾರಾಮನ್ ಹಾಗೂ ಶರದ್ ದೇವರಾಜನ್. ಇದೇ ಬಳಗದವರು ಪಾಲ್ಗೊಂಡು 2006ರಲ್ಲಿ ಆರಂಭಿಸಿದ ವರ್ಜಿನ್ ಕಾಮಿಕ್ಸ್‌ನ ಚಿತ್ರಶಾಲೆ ಬೆಂಗಳೂರಿನಲ್ಲಿತ್ತು. ರಾಮಾಯಣವನ್ನು ದೂರದ ಭವಿಷ್ಯಕ್ಕೆ ಒಯ್ದ ‘ರಾಮಾಯಣ್ 3392 ಎ.ಡಿ.’ ಆ ಸಂಸ್ಥೆಯ ಕೃತಿ. ‘ಸ್ಪೈಡರ್‌ಮ್ಯಾನ್: ಇಂಡಿಯಾ’ದ ನಾಯಕ ಮುಂಬಯಿಗೆ ಓದಲು ಬಂದ ಹಳ್ಳಿಯ ಹುಡುಗ ಪವಿತ್ರ್ ಪ್ರಭಾಕರ್. ಅವನಿಗೆ ಶಕ್ತಿ ಬರುವುದು ಜೇಡದ ಕಡಿತದಿಂದಲ್ಲ, ಯೋಗಿಯೊಬ್ಬರ ಅನುಗ್ರಹದಿಂದ. ಮೂಲದ ಬೆನ್ ಚಿಕ್ಕಪ್ಪನ ಜಾಗದಲ್ಲಿ ಭೀಮ್ ಎಂಬ ಚಿಕ್ಕಪ್ಪನಿದ್ದಾನೆ, ಅವನೂ ಸಾಯುತ್ತಾನೆ.

ಸರಣಿ ಬಂದಾಗ ಇದಕ್ಕೂ ಮುಖ್ಯ ಕಾಲರೇಖೆಗೂ ಸಂಬಂಧವಿರಲಿಲ್ಲ. ಬಳಿಕ ಮಾರ್ವೆಲ್ ಅದಕ್ಕೆ ‘ಭೂಮಿ-50101’ ಎಂಬ ಸಂಖ್ಯೆ ನೀಡಿ ಬಹುವಿಶ್ವದೊಳಗೆ ಸೇರಿಸಿಕೊಂಡಿತು. 2014ರ ‘ಸ್ಪೈಡರ್-ವರ್ಸ್’ ಕಥೆಯಲ್ಲಿ ಪವಿತ್ರ್ ಇತರ ಲೋಕಗಳ ಸ್ಪೈಡರ್‌ಮ್ಯಾನ್‌ಗಳ ಜೊತೆ ಕಾಣಿಸಿಕೊಂಡ. ಬಹುವಿಶ್ವದ ಕಲ್ಪನೆ ಇಲ್ಲಿ ಹೊರಗಿನವನನ್ನು ಒಳಕ್ಕೆ ಕರೆದುಕೊಂಡಿತು. ಅದೇ ವೇಳೆ, ಸಂಖ್ಯೆ ಕೊಡುವ ಅಧಿಕಾರ ಯಾರದ್ದು ಎಂಬುದನ್ನೂ ಸ್ಪಷ್ಟಪಡಿಸಿತು.

ಚಲನಚಿತ್ರಗಳಲ್ಲಿ

2008ರಿಂದ ಬೆಳೆದ ಮಾರ್ವೆಲ್ ಚಲನಚಿತ್ರಗಳ ಲೋಕವೂ ಇದೇ ತೊಡಕುಗಳನ್ನು ಎದುರಿಸಿತು. 2012ರ ‘ದಿ ಅವೆಂಜರ್ಸ್’ ಬಳಿಕದ ಘಟನೆಗಳನ್ನು ಹೇಳುವ 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ತೆರೆಯ ಮೇಲೆ ‘ಎಂಟು ವರ್ಷಗಳ ನಂತರ’ ಎಂದು ತೋರಿಸಿದ್ದು ಇತರ ಚಿತ್ರಗಳ ಲೆಕ್ಕಕ್ಕೆ ಹೊಂದಲಿಲ್ಲ. ಇದು ವರ್ಷಗಟ್ಟಲೆ ಚರ್ಚೆಗೆ ಗ್ರಾಸವಾಯಿತು. 2023ರಲ್ಲಿ ಈ ಚಿತ್ರಲೋಕದ ಅಧಿಕೃತ ಕಾಲರೇಖೆಯ ಪುಸ್ತಕವೇ ಪ್ರಕಟವಾಯಿತು.

ಅದೇ ವರ್ಷ ಬಿಡುಗಡೆಯಾದ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಎಂಬ ಅನಿಮೇಷನ್ ಚಿತ್ರ ಕಥಾಸಾತತ್ಯದ ಚರ್ಚೆಯನ್ನೇ ಕಥಾವಸ್ತುವಾಗಿಸಿತು. ಭಾರತದಲ್ಲಿ ಇದು ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಪ್ರತಿಯೊಬ್ಬ ಸ್ಪೈಡರ್‌ಮ್ಯಾನ್‌ನ ಬದುಕಿನಲ್ಲಿಯೂ ಕೆಲವು ದುರಂತಗಳು ನಡೆಯಲೇಬೇಕು, ಅವು ‘ಕ್ಯಾನನ್ ಘಟನೆ’ಗಳು, ತಪ್ಪಿದರೆ ಲೋಕವೇ ಕುಸಿಯುತ್ತದೆ ಎಂದು ಮಿಗೆಲ್ ಒಹಾರಾ ಎಂಬ ಪಾತ್ರ ಸಾಧಿಸುತ್ತದೆ. ಪವಿತ್ರ್‌ನ ಮುಂಬ್ಯಾಟನ್ ನಗರದಲ್ಲಿ ಸಾಯಬೇಕಾಗಿದ್ದ ಇನ್‌ಸ್ಪೆಕ್ಟರ್ ಸಿಂಗ್‌ನನ್ನು ನಾಯಕ ಮೈಲ್ಸ್ ಮೊರಾಲೆಸ್ ಉಳಿಸಿದಾಗ ಈ ನಿಯಮ ಮುರಿಯುತ್ತದೆ. ಹಿಂದಿನ ಕಥೆಗಳಲ್ಲಿ ನಡೆದುಬಂದಿದೆ ಎಂಬ ಕಾರಣಕ್ಕೆ ಒಂದು ಜೀವವನ್ನು ಬಿಟ್ಟುಕೊಡಬೇಕೆ ಎಂಬ ಮೈಲ್ಸ್‌ನ ಪ್ರಶ್ನೆ ಓದುಗರ ಹಳೆಯ ಚರ್ಚೆಯನ್ನು ಪಾತ್ರಗಳ ಬಾಯಿಗೆ ತಂದಿತು.

ಕನ್ನಡ ಕಥನಪರಂಪರೆಯೊಂದಿಗೆ ಹೋಲಿಕೆ

ಒಂದೇ ಕಥೆಯ ಭಿನ್ನರೂಪಗಳು ಕನ್ನಡಕ್ಕೆ ಹೊಸತಲ್ಲ. 941ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಅಭೇದವಾಗಿ ಕಂಡ ಕವಿಗೆ ಈ ಮಾರ್ಪಾಡು ಉಚಿತವೆನಿಸಿತು. ಆದರೆ ಒಂದು ಎಳೆಯನ್ನು ಬದಲಿಸಿದರೆ ಉಳಿದ ಎಳೆಗಳೂ ಅಲುಗುತ್ತವೆ. ವ್ಯಾಸಭಾರತದಲ್ಲಿ ಪತಿಯಾಗಿ ಪ್ರತಿಜ್ಞೆ ಮಾಡುವ ಭೀಮ, ಪಂಪನಲ್ಲಿ ತಮ್ಮನ ಹೆಂಡತಿಯ ಮಾನಕ್ಕಾಗಿ ಪ್ರತಿಜ್ಞೆ ಮಾಡಬೇಕಾಗುತ್ತದೆ. ಸೂಪರ್‌ಬಾಯ್‌ನನ್ನು ತೆಗೆದಾಗ ಲೀಜನ್ ತಂಡಕ್ಕೆ ಬಂದ ತೊಡಕಿನ ಸ್ವರೂಪವೂ ಇಂತಹದೇ. ಜೈನ ಪರಂಪರೆಯ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿ ಪೂರ್ತಿಗೊಳಿಸಿದ. ಬೇರೊಬ್ಬ ಲೇಖಕ ಕಥೆಯನ್ನು ವಹಿಸಿಕೊಳ್ಳುವ ಪದ್ಧತಿಗೆ ಇದು ಹಳೆಯ ನಿದರ್ಶನ.

ಕರಾವಳಿ ಕರ್ನಾಟಕ ಹಾಗೂ ಕಾಸರಗೋಡಿನ ತಾಳಮದ್ದಳೆ ಈ ವಿಷಯದಲ್ಲಿ ಇನ್ನೂ ಹತ್ತಿರದ ಹೋಲಿಕೆ ಒದಗಿಸುತ್ತದೆ. ಇಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಪಾತ್ರಗಳಾಗಿ ಆಶುವಾಗಿ ವಾದಿಸುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳು ಇಂತಹ ಪಾತ್ರಗಳಿಗಾಗಿ ಪ್ರಸಿದ್ಧರಾಗಿದ್ದರು. ವಾದದಲ್ಲಿ ವಾಲಿಯ ಕೈ ಮೇಲಾಗಬಹುದು, ಆದರೆ ಪ್ರಸಂಗದ ಅಂತ್ಯದಲ್ಲಿ ಅವನು ಸಾಯಲೇಬೇಕು. ಘಟನೆ ಸ್ಥಿರ, ಅದರ ನ್ಯಾಯಾನ್ಯಾಯ ಮುಕ್ತ ಎಂಬುದು ಈ ಕಲೆಯ ಅಲಿಖಿತ ನಿಯಮ. ಕಾಮಿಕ್ಸ್‌ನ ರೆಟ್ಕಾನ್ ಘಟನೆಯನ್ನೇ ಬದಲಿಸಿ ಸಮಸ್ಯೆ ಬಿಡಿಸಿದರೆ, ತಾಳಮದ್ದಳೆ ಘಟನೆಯನ್ನು ಉಳಿಸಿಕೊಂಡು ಅರ್ಥವನ್ನು ಮರುವಿಚಾರಣೆಗೆ ಒಡ್ಡುತ್ತದೆ.

ಮೈಸೂರಿನಲ್ಲಿ ಜನಿಸಿದ ಎ. ಕೆ. ರಾಮಾನುಜನ್ ರಾಮಾಯಣದ ಬಹುರೂಪಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಒಂದು ಪ್ರಸಂಗವನ್ನು ಚರ್ಚಿಸಿದ್ದಾರೆ. ಕೆಲವು ರಾಮಾಯಣಗಳಲ್ಲಿ, ರಾಮ ವನಕ್ಕೆ ಹೊರಟಾಗ ಜೊತೆಗೆ ಬರಬೇಡವೆಂದದ್ದಕ್ಕೆ ಸೀತೆ, ಸೀತೆ ವನಕ್ಕೆ ಹೋಗದ ರಾಮಾಯಣ ಎಲ್ಲಿಯಾದರೂ ಇದೆಯೇ ಎಂದು ವಾದಿಸುತ್ತಾಳೆ. ಪಾತ್ರವೇ ತನ್ನ ಇತರ ಕಥಾರೂಪಗಳನ್ನು ಬಲ್ಲದು ಎಂಬ ಈ ಕಲ್ಪನೆ ಬಹುವಿಶ್ವದ ಕಥೆಗಳಿಗಿಂತ ಎಷ್ಟೋ ಹಳೆಯದು. ಇದೇ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯಕ್ರಮದಿಂದ ಕೈಬಿಟ್ಟಾಗ ದೇಶಾದ್ಯಂತ ವಿವಾದವಾಯಿತು. ಯಾವ ರೂಪ ಪ್ರಮಾಣ ಎಂಬ ಪ್ರಶ್ನೆ ಬರಿಯ ವಿನೋದದ ವಿಷಯವಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹೋಲಿಕೆಗೆ ಒಂದು ಮಿತಿಯೂ ಇದೆ. ಭಾರತ, ರಾಮಾಯಣಗಳಿಗೆ ಒಡೆಯರಿಲ್ಲ. ಪಂಪನ ಭಾರತ ಕುಮಾರವ್ಯಾಸನದನ್ನು ರದ್ದುಪಡಿಸದು. ಎರಡನ್ನೂ ಓದುವವರು ಎರಡನ್ನೂ ಉಳಿಸಿಕೊಳ್ಳುತ್ತಾರೆ. ಸೂಪರ್‌ಹೀರೋಗಳಿಗಾದರೋ ಹಕ್ಕುಸ್ವಾಮ್ಯವುಳ್ಳ ಒಡೆಯರಿದ್ದಾರೆ. ಯಾವ ರೂಪ ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಅವರು ಘೋಷಿಸಬಲ್ಲರು. ಆದರೂ ಘೋಷಣೆಯಿಂದ ಓದುಗರ ನೆನಪು ಅಳಿಯುವುದಿಲ್ಲ. ‘ಕ್ರೈಸಿಸ್’ನಲ್ಲಿ ನಾಶವಾದ ಭೂಮಿಗಳು ಹಾಗೂ ‘ನ್ಯೂ 52’ರಲ್ಲಿ ಮರೆಯಾದ ಸಂಬಂಧಗಳು ಓದುಗರ ಒತ್ತಾಸೆಯಿಂದಲೋ, ಅವನ್ನು ಓದುತ್ತಾ ಬೆಳೆದು ಲೇಖಕರಾದವರ ಕೈಯಿಂದಲೋ ಒಂದಲ್ಲ ಒಂದು ರೂಪದಲ್ಲಿ ಹಿಂದಿರುಗಿವೆ.